ಹಳೆ ಮನೆಗೆ ಮೊದಲು ನೀರಿನ ದಾರಿ, ಆಮೇಲೆ ಬಣ್ಣ

ಪ್ರಶ್ನೆ: ನಾವಿಬ್ಬರೂ ಮೈಸೂರಿನವರು, ನಲವತ್ತರ ಆಸುಪಾಸಿನವರು. ಮೂರು ವರ್ಷದ ಹಿಂದೆ ನಂಜನಗೂಡಿನಲ್ಲಿದ್ದ ನನ್ನ ತವರಿನ ಹಳೆ ಮನೆಯನ್ನು ನಾವೇ ನಿಂತು ರಿಪೇರಿ ಮಾಡಿಸಿದೆವು. ನೋಡಿದವರೆಲ್ಲ ಮೆಚ್ಚಿದರು, ಒಬ್ಬರು ಒಳ್ಳೆ ಬೆಲೆಗೆ ಕೊಂಡೂ ಬಿಟ್ಟರು. ಈಗ ನಮ್ಮ ಯಜಮಾನರು ಕೆಲಸ ಬಿಟ್ಟು ಇದನ್ನೇ ಕಸುಬು ಮಾಡಿಕೊಳ್ಳೋಣ ಅನ್ನುತ್ತಿದ್ದಾರೆ. ಹಳೆ ಮನೆ ಕೊಳ್ಳುವುದು, ಸಂಸಾರಸ್ಥರು ನೆಮ್ಮದಿಯಾಗಿ ಇರುವ ಹಾಗೆ ಸರಿಮಾಡುವುದು, ಮಾರುವುದು. ಜನವರಿಯಲ್ಲಿ ಕೆ.ಆರ್. ಮೊಹಲ್ಲಾದ ಕಡೆ, ನಡುವೆ ಆಕಾಶಕ್ಕೆ ತೆರೆದ ಅಂಗಳವಿರುವ, ಸುಮಾರು 80 ವರ್ಷದ ತೊಟ್ಟಿ ಮನೆ ನೋಡಿದೆವು. ಮುಂದಿನ ಎರಡು ರೂಮಿಗೆ ಇಟ್ಟಿಗೆ-ಸುಣ್ಣದ ಮದ್ರಾಸ್ ತಾರಸಿ, ತೊಟ್ಟಿಯ ಸುತ್ತ ಮಂಗಳೂರು ಹೆಂಚು, ಮಣ್ಣಿನ ಗೋಡೆ. ಗೋಡೆಯ ಕೆಳಗಿನ ಮೂರಡಿ ಉದುರುತ್ತಿದೆ. ವಾಟರ್‌ಪ್ರೂಫ್ ಪೇಂಟ್ ಎರಡು ಸಲ ಹೊಡೆಸಿದರೂ ನಿಂತಿಲ್ಲವಂತೆ. ಬ್ರೋಕರ್ ‘ಕೆಡವಿ ಕಟ್ಟಿ’ ಅನ್ನುತ್ತಾರೆ. ನಮ್ಮ ಯೋಚನೆ ಬೇರೆ: ಹೆಂಚು ತೆಗೆದು ಆರ್‌ಸಿಸಿ ಹಾಕಿ ಮೇಲೊಂದು ರೂಮು, ತೊಟ್ಟಿಗೆ ಗಾಜು ಮುಚ್ಚಿ ಹಾಲ್. ಸರಿಯೇ? ಖರ್ಚಿನ ಅಂದಾಜು ಮಾಡುವುದು ಹೇಗೆ?

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಆರ್‌ಸಿಸಿ ಬೇಡ. ತೊಟ್ಟಿಗೆ ಗಾಜು ಹಾಕಬಹುದು, ಆದರೆ ನೀವು ಅಂದುಕೊಂಡ ಹಾಗಲ್ಲ. ಕೆಡವುವುದು ಬೇಕೋ ಬೇಡವೋ ಎಂಬುದನ್ನು ಬ್ರೋಕರೂ ಹೇಳಲಾರರು, ಇಲ್ಲಿ ಕೂತು ನಾನೂ ಹೇಳಲಾರೆ. ಅದನ್ನು ಹೇಳುವುದು ಮಳೆ. ನೀವು ಮನೆ ನೋಡಿದ್ದು ಜನವರಿಯಲ್ಲಿ. ಜನವರಿಯಲ್ಲಿ ಎಲ್ಲ ಹಳೆ ಮನೆಯೂ ಚೆನ್ನಾಗಿಯೇ ಕಾಣುತ್ತದೆ, ಹೆಣ್ಣು ನೋಡಲು ಬಂದ ದಿನದ ಹಾಗೆ.

ಮೈಸೂರಿನಲ್ಲಿ ಜೋರು ಮಳೆ ಬೀಳುವುದು ಮಲೆನಾಡಿನಂತೆ ಜೂನ್-ಜುಲೈಯಲ್ಲಲ್ಲ. ಮೇ ತಿಂಗಳಲ್ಲಿ ಒಂದು ಸುತ್ತು, ಮತ್ತೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಂದು ಸುತ್ತು. ಬಹಳ ಸಲ ಸಂಜೆ ಹೊತ್ತು, ಒಂದೇ ಗಂಟೆಯಲ್ಲಿ ಸುರಿದು ಹೋಗುವಂಥದ್ದು. ಈ ಒಂದು ಗಂಟೆಯ ಲೆಕ್ಕ ನೋಡಿ. ನಿಮ್ಮ ತೊಟ್ಟಿಗೆ ನಾಲ್ಕೂ ಕಡೆಯ ಒಳ ಇಳಿಜಾರಿನಿಂದ ನೀರು ಬೀಳುತ್ತದೆ. ತೊಟ್ಟಿಯೂ ಸೇರಿ ಆ ಜಾಗ 70 ಚದರ ಮೀಟರ್ ಅಂತ ಇಟ್ಟುಕೊಳ್ಳೋಣ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. 40 ಮಿಮೀ ಮಳೆ ಬಂದರೆ 2,800 ಲೀಟರ್, ಅದೂ ಮನೆಯ ಹೊಟ್ಟೆಯೊಳಗೆ! ಆ ನೀರು ನಡುಮನೆಯ ಕೆಳಗೆ ಹಾದು ಬೀದಿಗೋ ಹಿತ್ತಿಲಿಗೋ ಹೋಗಬೇಕು. ಕಟ್ಟಿದವರು ಅದಕ್ಕೆ ಕಲ್ಲಿನ ಮೋರಿ ಬಿಟ್ಟಿರುತ್ತಾರೆ. ಆಮೇಲೆ ಬಂದ ಯಾರೋ ಪುಣ್ಯಾತ್ಮರು ಹುಳಹುಪ್ಪಟೆ ಬರುತ್ತದೆಂದು ಅದನ್ನು ಮುಚ್ಚಿ ಎರಡಿಂಚಿನ ಪೈಪು ಕೂರಿಸಿರುತ್ತಾರೆ. ನಾಲ್ಕು ಮಾವಿನೆಲೆ ಸಿಕ್ಕಿಕೊಂಡರೆ ಮುಗಿಯಿತು, ನೀರು ತೊಟ್ಟಿಯ ಅಂಚಿಗೆ ಬಂದು, ಪಕ್ಕದ ಗೋಡೆಯ ಪಾಯಕ್ಕೆ ಇಳಿಯುತ್ತದೆ.

ಹಾಗಾಗಿ ಮುಂದಿನ ಸಲ ಹೋದಾಗ ಕಂಬದ ಕೆತ್ತನೆ ನೋಡುತ್ತಾ ನಿಲ್ಲಬೇಡಿ. ತೊಟ್ಟಿಗೆ ಹತ್ತು ಬಿಂದಿಗೆ ನೀರು ಸುರಿಯಿರಿ. ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ, ಎಲ್ಲಿ ಹೊರಗೆ ಬರುತ್ತದೆ ನೋಡಿ. ಹೊರಗೆ ಬರದೇ ಖಾಲಿಯಾದರೆ ಖುಷಿಪಡಬೇಡಿ, ಅದು ಪಾಯ ಕುಡಿದ ನೀರು.

ಇನ್ನು ಆ ಮೂರಡಿ. ಇದೇ ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡ ಸಂಗತಿ. ಇದರಲ್ಲಿ ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ.

ಹಳೆ ಮಣ್ಣಿನ ಗೋಡೆಗೆ, ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆಗೂ, ಕೆಳಗೆ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ತೇವ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಗೋಡೆಯೊಳಗೆ ಏರುತ್ತದೆ. ಸಾಮಾನ್ಯವಾಗಿ ಎರಡು ಮೂರು ಅಡಿ ಏರಿ ಗಾಳಿಗೆ ಆರಿ ಹೋಗುತ್ತದೆ. ಕಟ್ಟಿದವರಿಗೆ ಇದು ಗೊತ್ತಿತ್ತು, ಅದಕ್ಕೇ ಮೇಲೆ ಸುಣ್ಣ ಬಳಿಯುತ್ತಿದ್ದರು. ಸುಣ್ಣದ ಗಿಲಾವು, ಅಂದರೆ ಪ್ಲಾಸ್ಟರು, ತೇವವನ್ನು ಒಳಗೆ ಕಟ್ಟಿಹಾಕುವುದಿಲ್ಲ, ಹೊರಗೆ ಬಿಡುತ್ತದೆ. ವರ್ಷಕ್ಕೊಮ್ಮೆ ಹಬ್ಬಕ್ಕೆ ಸುಣ್ಣ ಬಳಿಯುವುದು ಬರೀ ಅಲಂಕಾರವಲ್ಲ, ಅದೇ ಗೋಡೆಯ ಸರ್ವೀಸಿಂಗ್.

ಈಗ ಅದರ ಮೇಲೆ ಸಿಮೆಂಟ್ ಗಿಲಾವು, ಅದರ ಮೇಲೆ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಏನಾಗುತ್ತದೆ? ನೀರು ಬರುವುದು ನಿಲ್ಲುವುದಿಲ್ಲ, ಹೋಗುವ ಬಾಗಿಲು ಮಾತ್ರ ಮುಚ್ಚುತ್ತದೆ. ತೇವ ಇನ್ನೂ ಮೇಲೆ ಹತ್ತುತ್ತದೆ. ನೀರಿನ ಜೊತೆ ಬಂದ ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟಿ, ಒಳಗಿಂದ ತಳ್ಳುತ್ತದೆ. ನಾನು ಕೆಲಸ ಶುರುಮಾಡಿದ ಹೊಸತರಲ್ಲಿ ಶ್ರೀರಂಗಪಟ್ಟಣದ ಹತ್ತಿರ ಒಂದು ಮನೆಗೆ ಗಟ್ಟಿಯಾಗಿ, ಕೋಳಿಜಾಲಿ ಹೊಡೆದು, ಸಿಮೆಂಟ್ ಗಿಲಾವು ಮಾಡಿಸಿದ್ದೆ. ಬಹಳ ಹೆಮ್ಮೆಯಿಂದ ಫೋಟೋನೂ ತೆಗೆಸಿಕೊಂಡಿದ್ದೆ. ಎರಡನೇ ಮಳೆಗಾಲ ಮುಗಿದ ಮೇಲೆ ಮನೆಯವರು ಕರೆದರು. ಹೋಗಿ ಗೋಡೆಗೆ ಕೈಯಿಟ್ಟರೆ ಹಲಸಿನ ಹಣ್ಣಿನ ಸಿಪ್ಪೆ ಬಿಟ್ಟ ಹಾಗೆ ಹಲಗೆ ಹಲಗೆಯಾಗಿ ಬಂತು. ಬರೀ ಸಿಮೆಂಟ್ ಬಂದಿದ್ದರೆ ಪರವಾಗಿರಲಿಲ್ಲ. ಅದರ ಬೆನ್ನಿಗೆ ಎರಡು ಇಂಚು ಮಣ್ಣನ್ನೂ ಹೊತ್ತುಕೊಂಡು ಬಂತು. ನೂರು ವರ್ಷ ನಿಂತ ಗೋಡೆಯನ್ನು ನಾನು ಎರಡೇ ವರ್ಷದಲ್ಲಿ ತೆಳ್ಳಗೆ ಮಾಡಿದ್ದೆ. ಆ ರಿಪೇರಿಯ ಖರ್ಚು ನಾನೇ ಕೊಟ್ಟೆ.

ನಿಮ್ಮ ಮನೆಯಲ್ಲಿ ಪೇಂಟಿನ ಕೆಳಗೆ ಸಿಮೆಂಟ್ ಇದೆಯಾ ನೋಡಬೇಕು. ಸುಲಭ: ಉದುರುತ್ತಿರುವ ಅಂಚಿನ ಒಂದು ಚೂರು ಕೈಗೆ ತೆಗೆದುಕೊಂಡು ಉಗುರಲ್ಲಿ ಕೆರೆಯಿರಿ. ಸುಣ್ಣವಾದರೆ ಪುಡಿಯಾಗುತ್ತದೆ, ಬೆಳ್ಳಗಿರುತ್ತದೆ. ಸಿಮೆಂಟಾದರೆ ಉಗುರು ಸವೆಯುತ್ತದೆ, ಬೂದುಬಣ್ಣ.

ತೇವ ಜಾಸ್ತಿಯಾಗಲು ಇನ್ನೆರಡು ಕಾರಣ ಹೊರಗೇ ಇರುತ್ತವೆ. ಒಂದು, ರಸ್ತೆ. ಪ್ರತಿ ಸಲ ಹಳೆ ಡಾಂಬರು ಕೀಳದೆ ಅದರ ಮೇಲೇ ಹೊಸದು ಹಾಕಿ ಹಾಕಿ ನಮ್ಮ ಹಳೆ ಬಡಾವಣೆಗಳಲ್ಲಿ ರಸ್ತೆ ಮೇಲೇರಿದೆ, ಮನೆ ಹಳ್ಳಕ್ಕೆ ಇಳಿದಿದೆ. ಜಗಲಿಗೆ ಎಷ್ಟು ಮೆಟ್ಟಿಲಿದ್ದವು ಎಂದು ಆ ಬೀದಿಯ ಹಿರಿಯರನ್ನು ಕೇಳಿ. ಮೂರಿದ್ದದ್ದು ಈಗ ಒಂದಾಗಿದ್ದರೆ ಉಳಿದ ಎರಡು ನೆಲದಡಿ ಇವೆ, ಗೋಡೆಯ ಕಾಲೂ ಅಷ್ಟೇ ಹೂತಿದೆ. ಎರಡು, ಹಿತ್ತಿಲು. ಮೊದಲು ಮಣ್ಣಿನ ಅಂಗಳ, ಸಗಣಿ ಸಾರಿಸುತ್ತಿದ್ದರು, ನೆಲದ ತೇವ ಅಲ್ಲೇ ಆರುತ್ತಿತ್ತು. ಈಗ ಗೋಡೆಯವರೆಗೂ ಟೈಲ್ಸ್. ಇಡೀ ಅಂಗಳದ ತೇವಕ್ಕೆ ಹೊರಬರಲು ಉಳಿದಿರುವುದು ಗೋಡೆ ಒಂದೇ.

ಮದ್ದೂ ಇದೇ ಸಾಲಿನಲ್ಲಿದೆ. ಗೋಡೆಯಿಂದ ಎರಡು ಅಡಿ ದೂರದವರೆಗೆ ಟೈಲ್ಸ್, ಕಾಂಕ್ರೀಟು ಕೀಳಿಸಿ. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದ ಹಾಗೆ ತಗಡಿನ ದೋಣಿ ಕಟ್ಟಿಸಿ. ತೊಟ್ಟಿಯ ಮೋರಿ ಬಿಡಿಸಿ, ಇಲ್ಲವೇ ನಾಲ್ಕಿಂಚಿನ ಪೈಪು ಹಾಕಿ, ನಡುನಡುವೆ ಕೈ ಹಾಕಿ ಶುಚಿ ಮಾಡುವಂತೆ ಚೇಂಬರ್ ಬಿಡಿ. ಆ ನೀರನ್ನು ಯುಜಿಡಿಗೆ, ಅಂದರೆ ಒಳಚರಂಡಿಗೆ, ಸೇರಿಸಬೇಡಿ. ಹಿತ್ತಿಲಲ್ಲಿ ಹಳೆ ಬಾವಿ ಇದ್ದರೆ ಜಾಲರಿ, ಜಲ್ಲಿ ಹಾಕಿ ಸೋಸಿ ಅದಕ್ಕೇ ಬಿಡಿ. ಆಮೇಲೆ ಸಿಮೆಂಟ್ ಗಿಲಾವನ್ನು ಕೆಳಗಿನ ನಾಲ್ಕಡಿ ಪೂರ್ತಿ ಕೆತ್ತಿಸಿ, ಗೋಡೆಯನ್ನು ಸುಮ್ಮನೆ ಬಿಡಿ. ಒಂದು ಬೇಸಿಗೆ ಪೂರ್ತಿ. ಇದಕ್ಕೆ ಯಾವ ಮೇಸ್ತ್ರಿಯೂ ಒಪ್ಪುವುದಿಲ್ಲ, ಏಕೆಂದರೆ ಸುಮ್ಮನೆ ಬಿಟ್ಟದ್ದಕ್ಕೆ ಕೂಲಿ ಇಲ್ಲ.

ಗೋಡೆ ಆರಿದ ಮೇಲೆ ಸುಣ್ಣದ ಗಿಲಾವು. ಅಂಗಡಿಯ ಪುಡಿ ಸುಣ್ಣ ತಂದು ಅಂದೇ ಕಲಸಿ ಬಳಿಯುವ ಕೆಲಸವಲ್ಲ ಇದು. ಸುಟ್ಟ ಸುಣ್ಣ ತಂದು ಬೇರೆ ಗುಂಡಿಯಲ್ಲಿ ಅರಳಿಸಿ, ಮೇಲೆ ನೀರು ನಿಲ್ಲುವಂತೆ ಕನಿಷ್ಠ ಎರಡು ಮೂರು ವಾರ ಬಿಡಬೇಕು. ಅರಳುವಾಗ ಕೊತಕೊತ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಕಣ್ಣೇ ಹೋದೀತು. ಕನ್ನಡಕ, ಕೈಗವಸು ಇಲ್ಲದೆ ಯಾರನ್ನೂ ಹತ್ತಿರ ಬಿಡಬೇಡಿ, ಮಕ್ಕಳನ್ನಂತೂ ಆ ದಿನ ಕರೆತರಲೇಬೇಡಿ. ಬೆಣ್ಣೆಯಂತಾದ ಸುಣ್ಣ ಒಂದು ಪಾಲು, ಜರಡಿ ಹಿಡಿದ ಮರಳು ಮೂರು ಪಾಲು, ಒಂದಿಷ್ಟು ಸುರ್ಕಿ, ಅಂದರೆ ಇಟ್ಟಿಗೆ ಪುಡಿ. ಹಿಂದೆ ಬೆಲ್ಲದ ನೀರು, ಅಳಲೆಕಾಯಿ ಕಷಾಯ ಹಾಕುತ್ತಿದ್ದರು. ಹಾಕಿದರೆ ಒಳ್ಳೆಯದೇ. ಆದರೆ ಬೆಲ್ಲ ಹಾಕಿದ್ದೇವೆಂದು ಉಳಿದ ಕೆಲಸದಲ್ಲಿ ಆತುರ ಮಾಡಿದರೆ ಬೆಲ್ಲವೂ ದಂಡ. ತೆಳ್ಳಗೆ ಎರಡು ಮೂರು ಪದರ ಹಾಕಿ, ಬಿಸಿಲು ನೇರ ಬೀಳದಂತೆ ಒದ್ದೆ ಗೋಣಿಚೀಲ ಕಟ್ಟಿ, ನಿಧಾನ ಆರಲು ಬಿಡಬೇಕು. ಸಿಮೆಂಟ್ ನೀರು ಕುಡಿದು ಗಟ್ಟಿಯಾಗುತ್ತದೆ, ಸುಣ್ಣ ಗಾಳಿ ಕುಡಿದು. ಸಿಮೆಂಟಿನ ಆತುರ ಸುಣ್ಣಕ್ಕಿಲ್ಲ.

ಈಗ ಆರ್‌ಸಿಸಿ ಯಾಕೆ ಬೇಡ ಎಂಬುದು. ಮಂಗಳೂರು ಹೆಂಚು, ಅದು ಕೂರುವ ಮರದ ಪಟ್ಟಿ ಅಂದರೆ ರೀಪರು, ಎಲ್ಲ ಸೇರಿ ಚದರ ಮೀಟರಿಗೆ ಸುಮಾರು 65 ಕೆಜಿ. ಐದಿಂಚಿನ ಕಾಂಕ್ರೀಟ್ ಚಪ್ಪಡಿ ಸುಮಾರು 310 ಕೆಜಿ. ಹೆಚ್ಚುಕಡಿಮೆ ಐದು ಪಟ್ಟು. ಅದರ ಮೇಲೆ ರೂಮು, ರೂಮಿನ ಗೋಡೆ, ಮಂಚ, ಬೀರು, ಜನ. ಇಷ್ಟನ್ನೂ ಹೊರುವುದು ಕೆಳಗಿನ ಮೂರಡಿ ಉದುರುತ್ತಿರುವ ಮಣ್ಣಿನ ಗೋಡೆ! 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಆ ಹೆಂಚು ಊರೂರಿಗೂ ಹೋಗಿದ್ದು ಚೆಂದಕ್ಕಲ್ಲ, ಹಗುರಕ್ಕೆ. ಒಂದರೊಳಗೊಂದು ಕೂರುತ್ತದೆ, ಒಡೆದದ್ದೊಂದನ್ನೇ ಬದಲಿಸಬಹುದು. ನಾಡಹೆಂಚಿನ ಹಾಗೆ ಪದರದ ಮೇಲೆ ಪದರ ಬೇಡ.

ಮೇಲೆ ರೂಮು ಬೇಕೇ ಬೇಕೆಂದರೆ ಹಿತ್ತಿಲಲ್ಲಿ ಬೇರೆ ಪಾಯದ ಮೇಲೆ ಎತ್ತಿ, ಹಳೆ ಗೋಡೆಗೆ ತಾಗಿಸಬೇಡಿ. ಅದಕ್ಕೂ ಮೊದಲು ಪಾಲಿಕೆಯಲ್ಲಿ ಆ ಮನೆ, ಆ ಬೀದಿ ಪಾರಂಪರಿಕ ಪಟ್ಟಿಯಲ್ಲಿ ಬರುತ್ತದಾ ಎಂದು ವಿಚಾರಿಸಿ. ಮೈಸೂರಿನವರಿಗೆ ನಾನು ಹೇಳಬೇಕಿಲ್ಲ: ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ಜೀವ ಹೋದದ್ದು 2012ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಬಿದ್ದದ್ದು 2016ರ ಆಗಸ್ಟ್‌ನಲ್ಲಿ. ಗಟ್ಟಿಮುಟ್ಟಾಗಿ ಕಾಣುವುದು ಬೇರೆ, ಹೊರುವುದು ಬೇರೆ.

ಮರದ ಪರೀಕ್ಷೆ ನೀವಿಬ್ಬರೇ ಮಾಡಬಹುದು. ತೊಲೆ ನಡುವಿನಲ್ಲಿ ಕೆಡುವುದು ಅಪರೂಪ, ಕೆಡುವುದು ತುದಿಯಲ್ಲಿ, ಗೋಡೆಯೊಳಗೆ ಹೂತ ಆ ಮುಕ್ಕಾಲು ಅಡಿಯಲ್ಲಿ. ಹೊರಗಿಂದ ಎಣ್ಣೆ ಹಚ್ಚಿದ ತೇಗ ಮಿರಿಮಿರಿ ಮಿಂಚುತ್ತಿರುತ್ತದೆ, ಗೋಡೆಯೊಳಗೆ ಬೂದಿಯಾಗಿರುತ್ತದೆ. ಏಣಿ ಹಾಕಿ ಹತ್ತಿ, ಸುತ್ತಿಗೆಯ ಹಿಡಿಯಿಂದ ತೊಲೆಯನ್ನು ನಡುವಿನಿಂದ ಗೋಡೆಯ ಕಡೆಗೆ ತಟ್ಟುತ್ತಾ ಹೋಗಿ. ‘ಟಣ್ ಟಣ್’ ಅನ್ನುತ್ತಿದ್ದದ್ದು ಒಂದು ಕಡೆ ‘ಡಬ್’ ಅನ್ನುತ್ತದೆ. ತೆಂಗಿನಕಾಯಿ ಆರಿಸುವಾಗ ತಟ್ಟಿ ನೋಡುವುದಿಲ್ಲವೇ, ಅದೇ ಕಿವಿ ಸಾಕು. ಡಬ್ ಎಂದ ಕಡೆ ಸ್ಕ್ರೂಡ್ರೈವರ್ ಚುಚ್ಚಿ. ಎರಡು ಮಿಲಿಮೀಟರ್ ಹೋಗಿ ನಿಂತರೆ ಮೇಲಿನ ಸಿಪ್ಪೆ ಮಾತ್ರ ಮೆತ್ತಗಾಗಿದೆ. ಹಿಡಿಯವರೆಗೂ ಹೋದರೆ ಆ ತೊಲೆಯ ಕೆಳಗೆ ನಿಂತು ಮಾತಾಡಬೇಡಿ, ಇಳಿದು ಬನ್ನಿ.

ಹಾಗೆಂದು ಒಂದು ತೊಲೆ ಹೋದರೆ ಇಡೀ ಸೂರು ಹೋಯಿತೆಂದಲ್ಲ. ಕೆಳಗೆ ಜ್ಯಾಕ್ ಕೊಟ್ಟು, ಕೆಟ್ಟ ತುದಿ ಕತ್ತರಿಸಿ, ಅದೇ ಜಾತಿಯ ಹಳೆ ಮರವನ್ನು ಕೂಡಿಸಿ, ಎರಡೂ ಬದಿಗೆ ಉಕ್ಕಿನ ಪಟ್ಟಿ ಬಿಗಿಯುವ ಆಚಾರಿಗಳು ನಮ್ಮಲ್ಲಿ ಇನ್ನೂ ಇದ್ದಾರೆ. ಕೆಡವಿದ ಮನೆಗಳ ಮರ ಮಾರುವ ಡಿಪೋಗಳಲ್ಲಿ ಹೊನ್ನೆ, ಮತ್ತಿ, ತೇಗ ಸಿಗುತ್ತವೆ. ಹಸಿ ಮರ ಮಾತ್ರ ತರಬೇಡಿ. ಗೆದ್ದಲು ಹಿಡಿದಿದ್ದರೆ ಮರಕ್ಕೆ ಮದ್ದು ಹೊಡೆಯುವುದಕ್ಕಿಂತ ಮೊದಲು ಅದು ಬಂದ ದಾರಿ ಹುಡುಕಿ. ಆ ಮಣ್ಣಿನ ಸುರಂಗ ಯಾವಾಗಲೂ ತೇವ ಇರುವ ಕಡೆಯಿಂದಲೇ ಹೊರಡುತ್ತದೆ. ಮತ್ತೆ ನೀರಿನ ವಿಷಯಕ್ಕೇ ಬಂದೆವು.

ಮುಂದಿನ ಮದ್ರಾಸ್ ತಾರಸಿಯದು ಬೇರೆ ಕತೆ. ಜಂತೆಗಳ ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಸುಣ್ಣದ ಗಾರೆಯಲ್ಲಿ ಕೂರಿಸಿ, ಮೇಲೆ ಇಟ್ಟಿಗೆ ಜಲ್ಲಿ-ಸುಣ್ಣ ಬಡಿದು, ಅದರ ಮೇಲೆ ಬಿಲ್ಲೆ ಹಾಸಿರುತ್ತಾರೆ. ಸೋರಿದರೆ ಜನ ಮೇಲೆ ಸಿಮೆಂಟ್ ಸುರಿಯುತ್ತಾರೆ, ಮತ್ತೆ ಸೋರಿದರೆ ಮತ್ತೆ ಸಿಮೆಂಟ್. ಭಾರ ಏರುತ್ತಾ ಹೋಗುತ್ತದೆ, ಜಂತೆ ಬಾಗುತ್ತಾ ಹೋಗುತ್ತದೆ. ಬಾಗಿದ ತಾರಸಿಯಲ್ಲಿ ನೀರು ನಿಂತು ಇನ್ನಷ್ಟು ಸೋರುತ್ತದೆ. ತಾರಸಿಗೆ ಹತ್ತಿ ಅಂಚಿನಲ್ಲಿ ಎಷ್ಟು ಪದರ ಇದೆ ಎಣಿಸಿ. ಕೆಳಗಿನ ಜಂತೆಗೆ ಗೋಡೆಯಿಂದ ಗೋಡೆಗೆ ದಾರ ಎಳೆದು ಕಟ್ಟಿ ನೋಡಿ. ಹತ್ತು ಅಡಿಗೆ ಒಂದು ಇಂಚಿಗಿಂತ ಜಾಸ್ತಿ ಬಾಗಿದ್ದರೆ ಆ ಎರಡು ರೂಮಿನ ಚಾವಣಿ ಬಿಚ್ಚಿ ಕಟ್ಟುವ ಖರ್ಚನ್ನು ಈಗಲೇ ಬರೆದಿಟ್ಟುಕೊಳ್ಳಿ. ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ, ಹಳೆ ಮನೆಯ ಕೆಲಸ ಮಾಡಿದವರಿಗೆ. ಬರೀ ಹೊಸ ಅಪಾರ್ಟ್‌ಮೆಂಟ್ ಮಾಡಿದವರು ‘ಕೆಡವಿ’ ಎನ್ನುವುದು ಅವರ ತಪ್ಪಲ್ಲ, ಅವರಿಗೆ ಗೊತ್ತಿರುವುದು ಅದೇ.

ತೊಟ್ಟಿಯ ಗಾಜಿನ ವಿಷಯ. ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಮಳೆಯ ಎರಚಲು, ಸೊಳ್ಳೆ, ಕೋತಿ, ಕಳ್ಳರ ಭಯ, ಇಷ್ಟಿರುವಾಗ ಮನೆ ಕೊಳ್ಳುವವರು ‘ಆಕಾಶ ಕಾಣುತ್ತೆ, ಎಷ್ಟು ಚೆಂದ’ ಎಂದು ಫೋಟೋ ತೆಗೆದುಕೊಂಡು ಹೋಗುತ್ತಾರೆಯೇ ಹೊರತು ಅಡ್ವಾನ್ಸ್ ಕೊಡುವುದಿಲ್ಲ. ಆದರೆ ತೊಟ್ಟಿ ಮನೆಯ ಮೂಗು. ಬಿಸಿಗಾಳಿ ಅಲ್ಲಿಂದ ಮೇಲೆ ಹೋಗುತ್ತದೆ, ಜಗಲಿಯ ಬಾಗಿಲಿಂದ ತಂಪುಗಾಳಿ ಒಳಬರುತ್ತದೆ. ಹೆಂಚಿನ ಮಟ್ಟಕ್ಕೇ ಗಾಜು ಮುಚ್ಚಿದರೆ ಏಪ್ರಿಲ್‌ನಲ್ಲಿ ಅದು ಹಾಲ್ ಅಲ್ಲ, ಹಪ್ಪಳ ಒಣಗಿಸುವ ಜಾಗ. ಸೂರಿನ ಅಂಚಿನಿಂದ ಒಂದೂವರೆ ಎರಡಡಿ ಎತ್ತರಕ್ಕೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಮೇಲೆ ಟಫನ್ಡ್ ಗಾಜು ಹಾಕಿ, ನಾಲ್ಕೂ ಬದಿ ತೆರೆದು ಗ್ರಿಲ್ಲು, ಸೊಳ್ಳೆ ಜಾಲರಿ ಬಿಡಿ. ಗಾಜು ಸೂರಿನಿಂದ ಒಂದಡಿ ಹೊರಚಾಚಿರಲಿ. ಆ ಚೌಕಟ್ಟಿನ ಕಾಲನ್ನು ಹಳೆ ಕಂಬದ ತಲೆಯ ಮೇಲಿನ ಮರದ ಬೋದಿಗೆಯ ಮೇಲೆ ಇಡಬೇಡಿ, ತೊಟ್ಟಿಯ ನಾಲ್ಕು ಮೂಲೆಯಲ್ಲಿ ಬೇರೆ ಉಕ್ಕಿನ ಕಂಬ ಇಳಿಸಿ. ಗಾಜು ಹಾಕಿದ ಮೇಲೂ ಸುತ್ತಲಿನ ಸೂರಿನ ನೀರು ತೊಟ್ಟಿಗೆ ಬರುವುದು ತಪ್ಪುವುದಿಲ್ಲ, ದೋಣಿ ಕಟ್ಟಿ ಮೂಲೆಯ ಪೈಪಿಗೆ ಇಳಿಸಬೇಕು.

‘ಸಂಸಾರಸ್ಥರು ನೆಮ್ಮದಿಯಾಗಿ ಇರುವ ಹಾಗೆ’ ಎಂದು ಬರೆದಿದ್ದೀರಿ. ನನ್ನ ಅನುಭವದಲ್ಲಿ ಆ ನೆಮ್ಮದಿ ಕಂಬದಲ್ಲೂ ಇಲ್ಲ, ಜಗಲಿಯಲ್ಲೂ ಇಲ್ಲ. ಬಚ್ಚಲಲ್ಲಿದೆ. ಹಳೆ ಮನೆಗಳಲ್ಲಿ ಬಚ್ಚಲು ಅಡುಗೆಮನೆಯ ಹಿಂದೆ, ಕಕ್ಕಸು ಹಿತ್ತಿಲ ಕೊನೆಯಲ್ಲಿ. 1903ರಲ್ಲಿ ಶುರುವಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನ ಕಾಲದಿಂದ ಮೈಸೂರಿನ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಕಿರುಗಲ್ಲಿ ಬಂದವು. ಇವತ್ತು ಅಲ್ಲಿ ಕೆಫೆ, ಗೋಡೆಚಿತ್ರ ಮಾಡುತ್ತಾರೆ. ಆ ಗಲ್ಲಿ ಯಾಕಿತ್ತೆಂದರೆ, ಆ ದಾರಿಯಲ್ಲಿ ಬಂದು ಮನುಷ್ಯರು ಮನುಷ್ಯರ ಮಲ ಹೊತ್ತು ಹೋಗಬೇಕಿತ್ತು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ನಮ್ಮ ರಾಜ್ಯದಲ್ಲಿ ಅದನ್ನು ನಿಷೇಧಿಸಿದರು. ಹಳೆ ಮನೆಯ ಹಳೆಯದೆಲ್ಲ ಉಳಿಸಬೇಕಾದ್ದಲ್ಲ ಎಂಬುದಕ್ಕೆ ಈ ಮಾತು ಹೇಳಿದೆ.

ಹೊಸ ಬಚ್ಚಲನ್ನು ಮಣ್ಣಿನ ಗೋಡೆಯ ರೂಮಿನೊಳಗೆ ತುರುಕಬೇಡಿ. ಹಿತ್ತಿಲ ಕಡೆಗೆ ಹೊಸ ಪಾಯ, ಹೊಸ ಇಟ್ಟಿಗೆ, ಹಳೆ ಗೋಡೆಗೂ ಅದಕ್ಕೂ ಮೂರ್ನಾಲ್ಕು ಇಂಚು ಸಂದು, ಸಂದಿಗೆ ಮೇಲೆ ತಗಡಿನ ಮುಚ್ಚಳ. ಎರಡು ಬಚ್ಚಲು ಒಂದೇ ಕಡೆ ಬರಲಿ. ಅದರ ಮೇಲೆಯೇ ನೀರಿನ ಟ್ಯಾಂಕು. 1,000 ಲೀಟರ್ ಟ್ಯಾಂಕು ಅಂದರೆ ಒಂದು ಟನ್, ಅದನ್ನು ಮದ್ರಾಸ್ ತಾರಸಿಯ ಮೇಲೆ ಇಟ್ಟ ಮನೆಗಳನ್ನು ನೋಡಿದಾಗ ನನಗೆ ಊಟ ಸೇರುವುದಿಲ್ಲ. ಒಂದು ಬಚ್ಚಲಾದರೂ ಮಲಗುವ ರೂಮಿನಿಂದ ಹೊಸ್ತಿಲು ದಾಟದೆ ಹೋಗುವಂತಿರಲಿ. ಹೊಸ್ತಿಲ ಪೂಜೆ ಮುಂಬಾಗಿಲಲ್ಲಿ ಸಾಕು. ಒಳಗಿನ ಎತ್ತರದ ಹೊಸ್ತಿಲುಗಳು ಎಪ್ಪತ್ತು ದಾಟಿದವರ ಸೊಂಟದ ಮೂಳೆ ಮುರಿಯುವ ಯಂತ್ರಗಳು.

ವೈರಿಂಗ್ ಪೂರ್ತಿ ಹೊಸದು, ಚೌಕಾಸಿ ಬೇಡ. ಮರದ ಪಟ್ಟಿಯೊಳಗಿನ ಹಳೆ ತಂತಿಗೆ ಅರ್ಥಿಂಗೇ ಇರುವುದಿಲ್ಲ. ದೀಪಕ್ಕೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿಮೀ ತಂತಿ, ಮತ್ತೆ ಕರೆಂಟು ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪ್ ಆರ್‌ಸಿಸಿಬಿ ಸ್ವಿಚ್ಚು. ಮಣ್ಣಿನ ಗೋಡೆಗೆ ಮೆಷಿನ್ ಹಾಕಿ ಕೊರೆಯಲು ಬಿಡಬೇಡಿ, ಪೈಪು ಗೋಡೆಯ ಮೇಲೆಯೇ ಓಡಲಿ. ಅಡುಗೆಮನೆಯ ಕತ್ತಲೆಗೆ ನಾಲ್ಕು ಗಾಜಿನ ಹೆಂಚು ಸಾಕು. ಕೆಂಪು ನೆಲ ಬಿರುಕು ಬಿಟ್ಟಿದ್ದರೂ ಉಳಿಸಿ. ಅದೇ ಬಣ್ಣದ ತೇಪೆ ಹಾಕುತ್ತೇನೆ ಎನ್ನುವವರನ್ನು ನಂಬಬೇಡಿ, ಹೊಸ ಕೆಂಪು ಹಳೆ ಕೆಂಪಿಗೆ ಎಂದೂ ಸೇರುವುದಿಲ್ಲ. ಹಾಳಾದ ಕಡೆ ಚೌಕವಾಗಿ ಕತ್ತರಿಸಿ ಅಂಚು ಕಟ್ಟಿ ಬೇರೆ ಬಣ್ಣವನ್ನೇ ಹಾಕಿದರೆ ಬೇಕೆಂದೇ ಮಾಡಿದ ಹಾಗೆ ಕಾಣುತ್ತದೆ.

ಇನ್ನು ಕಾಗದಪತ್ರ. ಹಳೆ ಮನೆಯಲ್ಲಿ ಗೆದ್ದಲಿಗಿಂತ ಹೆದರಬೇಕಾದ್ದು ಸಹಿ ಹಾಕದ ಪಾಲುದಾರರಿಗೆ. 80 ವರ್ಷದ ಮನೆ ಅಂದರೆ ಮೂರು ತಲೆಮಾರು. ವಂಶವೃಕ್ಷ ತೆಗೆಸಿ, ಹೆಣ್ಣುಮಕ್ಕಳೆಲ್ಲರ ಹೆಸರು ಇದೆಯಾ ನೋಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು, ಆ ಹೊತ್ತಿಗೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ‘ತಂಗಿ ಏನೂ ಕೇಳಲ್ಲ ಸಾರ್, ಬಹಳ ಒಳ್ಳೆಯವಳು’ ಎಂದು ಅಣ್ಣ ಹೇಳುವ ಮಾತಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೆಲೆಯಿಲ್ಲ, ತಂಗಿಯೇ ಬಂದು ಸಹಿ ಹಾಕಬೇಕು. ಋಣಭಾರ ಪತ್ರ (ಇ.ಸಿ.) ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದ ಈಚೆಗಿನದು ಸಿಗುತ್ತದೆ. ಅದಕ್ಕೆ ಹಿಂದಿನದನ್ನು ಕಚೇರಿಯಲ್ಲಿ ಅರ್ಜಿ ಕೊಟ್ಟು ತೆಗೆಸಿ, ಕನಿಷ್ಠ 30 ವರ್ಷದ್ದು. ಪಕ್ಕದ ಮನೆಯ ಜೊತೆ ಗೋಡೆ ಕೂಡಿದ್ದರೆ ಅದು ಯಾರದ್ದು ಎಂಬುದು ಪತ್ರದಲ್ಲಿದೆಯಾ ನೋಡಿ, ಇಲ್ಲದಿದ್ದರೆ ಪಕ್ಕದವರ ಮನೆಗೆ ಈಗಲೇ ಒಮ್ಮೆ ಕಾಫಿಗೆ ಹೋಗಿ. ಕೆಲಸ ಶುರುವಾದ ಮೇಲೆ ಹೋದರೆ ಕಾಫಿ ಸಿಗುವುದಿಲ್ಲ.

ಖರ್ಚು. ಚದರಡಿಗೆ ಇಷ್ಟು ಎಂದು ಹೇಳುವವರಿಗೆ ಹಳೆ ಮನೆಯ ಕೆಲಸ ಕೊಡಬೇಡಿ. ಅಂದಾಜು ಕೆಲಸವಾರು ಬರಲಿ: ಗಿಲಾವು ಕೆತ್ತಿಸುವುದು ಇಷ್ಟು ಚದರಡಿ, ಹೆಂಚು ಇಳಿಸಿ ತೊಳೆದು ಏರಿಸುವುದು ಇಷ್ಟು, ರೀಪರು ಇಷ್ಟು ಅಡಿ. ಎಲ್ಲ ಕೂಡಿಸಿದ ಮೇಲೆ ನಾನು ಕಾಲು ಭಾಗ ಮೇಲೆ ಸೇರಿಸುತ್ತೇನೆ. ಸೇರಿಸಿದ್ದು ಉಳಿದದ್ದು ಎರಡೇ ಸಲ. ಆಮೇಲೆ ಜನ ಮರೆಯುವ ಎರಡು ಖರ್ಚು. ಒಂದು ಬಡ್ಡಿ: 40 ಲಕ್ಷಕ್ಕೆ ಶೇ. 9ರಂತೆ ತಿಂಗಳಿಗೆ 30,000 ರೂಪಾಯಿ. ಗೋಡೆ ಆರುವ ಬೇಸಿಗೆಯಲ್ಲೂ ಅದು ಓಡುತ್ತದೆ. ಇನ್ನೊಂದು ನೋಂದಣಿ: 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕವೂ ಶೇ. 2 ಆಗಿದೆ. ಪಟ್ಟಣದಲ್ಲಿ ಒಟ್ಟು ಶೇ. 7.6 ಆಗುತ್ತದೆ. 60 ಲಕ್ಷಕ್ಕೆ ನಾಲ್ಕೂವರೆ ಲಕ್ಷ, ಗೋಡೆಗೆ ಒಂದು ಮೊಳೆ ಹೊಡೆಯುವ ಮೊದಲೇ. ಕೊಂಡ 24 ತಿಂಗಳೊಳಗೆ ಮಾರಿದರೆ ಲಾಭವೆಲ್ಲ ನಿಮ್ಮ ಆದಾಯಕ್ಕೆ ಸೇರಿ ಸ್ಲ್ಯಾಬಿನಂತೆ ತೆರಿಗೆ. ಇದನ್ನೇ ಕಸುಬಾಗಿ ಮಾಡಿದರೆ ವ್ಯಾಪಾರದ ಆದಾಯ ಎಂದೇ ಲೆಕ್ಕ. ಮೊದಲ ಮನೆ ಕೊಳ್ಳುವ ಮುಂಚೆ ಆಡಿಟರ್ ಹತ್ತಿರ ಕೂತು ಮಾತಾಡಿ.

ಇಷ್ಟೆಲ್ಲ ಓದಿದ ಮೇಲೂ ಯಜಮಾನರು ಕೆಲಸ ಬಿಡುತ್ತೇನೆ ಅಂದರೆ, ಈ ಮನೆ ಮುಗಿಯುವವರೆಗೆ ಬೇಡ ಎಂದು ನನ್ನ ಪರವಾಗಿ ಹೇಳಿ. ತವರಿನ ಮನೆಗೆ ಕೊಂಡ ಬೆಲೆ ಇರಲಿಲ್ಲ, ಬಡ್ಡಿ ಇರಲಿಲ್ಲ, ಗೋಡೆಯ ಗುಟ್ಟು ನಿಮಗೆ ಚಿಕ್ಕಂದಿನಿಂದ ಗೊತ್ತಿತ್ತು. ಅದರ ಲಾಭ ನೋಡಿ ಇದರ ಲಾಭ ಅಳೆಯಲಾಗದು. ವರ್ಷಕ್ಕೊಂದು ಮನೆ ಮುಗಿಸಿದರೆ ಚುರುಕಿನ ಕೆಲಸ ಎಂದೇ ನಾನು ಹೇಳುವುದು.

ಕೆಲಸದ ಜಾಗದಲ್ಲಿ ಇಬ್ಬರದ್ದೂ ಎರಡು ಮಾತು ಬರಬಾರದು. ನೀವು ‘ಕಿಟಕಿ ಇಲ್ಲಿರಲಿ’ ಎಂದು ಬೆಳಿಗ್ಗೆ, ಅವರು ‘ಅಲ್ಲಿಡಿ’ ಎಂದು ಸಂಜೆ ಹೇಳಿದರೆ ಮೇಸ್ತ್ರಿ ‘ಮೇಡಮ್ಮೋರು ಹೇಳಿದ್ರು’ ಎಂದು ಅವರಿಗೂ ‘ಸಾರ್ ಹೇಳಿದ್ರು’ ಎಂದು ನಿಮಗೂ ಹೇಳಿ, ತನಗೆ ಸುಲಭವಾದ ಕಡೆ ಇಡುತ್ತಾನೆ. ಜಗಳ ರಾತ್ರಿ ಮನೆಯಲ್ಲಿ ಆಡಿಕೊಳ್ಳಿ, ಬೆಳಿಗ್ಗೆ ಒಬ್ಬರೇ ಹೇಳಿ, ಹೇಳಿದ್ದನ್ನು ಗೋಡೆಯ ಮೇಲೆ ಇದ್ದಿಲಲ್ಲಿ ಬರೆದು ತಾರೀಖು ಹಾಕಿ.

ಮೇ ತಿಂಗಳ ಮೊದಲ ಜೋರು ಮಳೆ ಬಂದ ಮರುದಿನ ಬೆಳಿಗ್ಗೆ ಹೋಗಿ, ಮಾಲೀಕರಿಗೆ ಒರೆಸಿ ಆರಿಸಲು ಹೊತ್ತು ಸಿಗದ ಹಾಗೆ. ಅಲ್ಲಿಯವರೆಗೆ ಅಡ್ವಾನ್ಸ್ ಬೇಡ. ಟಾರ್ಚು, ಸುತ್ತಿಗೆ, ಉದ್ದನೆಯ ಸ್ಕ್ರೂಡ್ರೈವರ್, ಹತ್ತಡಿ ದಾರ, ಒಂದು ನೋಟ್‌ಬುಕ್ಕು. ಏಣಿಯನ್ನೂ ನೀವೇ ಒಯ್ಯಿರಿ. ಮಾರುವ ಮನೆಯಲ್ಲಿ ಅಟ್ಟಕ್ಕೆ ಹತ್ತುವ ಏಣಿ ಯಾವಾಗಲೂ ‘ಪಕ್ಕದ ಮನೆಯೋರು ಇಸ್ಕೊಂಡು ಹೋಗಿದ್ದಾರೆ’.